ನೆರಳಿಗೆ ಹೊಡೆದ ಮೊಳೆ ಎಷ್ಟನೇ ಹಂತದ್ದು?

ಪ್ರಶ್ನೆ: ಒಂದು ವರ್ಷದಿಂದ ಗೆಳೆಯರ ಗುಂಪಿಗೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ, ದಾಳ ಉರುಳಿಸಿ ಕಲ್ಪಿತ ಪಾತ್ರಗಳಾಗಿ ಆಡುವ ಆಟ. ಐದನೇ ಆವೃತ್ತಿ, 2014ರ ನಿಯಮಗಳು. ಐದನೇ ಮಟ್ಟದ ವಿಝರ್ಡ್ (ಮಾಂತ್ರಿಕ) ಪಾತ್ರ ಆಡುವ ಗೆಳತಿಯೊಬ್ಬಳು ತಾನೇ ಕಲ್ಪಿಸಿದ ಮಂತ್ರ ಬೇಕೆಂದು ಹಟ ಹಿಡಿದಿದ್ದಾಳೆ. ಶತ್ರುವಿನ ನೆರಳಿಗೆ ಕಬ್ಬಿಣದ ಮೊಳೆ ಹೊಡೆದರೆ ಶತ್ರು ನಿಂತಲ್ಲೇ ಸಿಕ್ಕಿಬೀಳಬೇಕು. ನಾನು ಬರೆದುಕೊಂಡಿರುವುದು ಇಷ್ಟು: ಮಂತ್ರದ ಶಕ್ತಿಯಲ್ಲಿ ಎರಡನೇ ಹಂತ, ಹಾಕಲು ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸವಾದ ಆಕ್ಷನ್ ಅಲ್ಲದೆ ಮಾಡಬಹುದಾದ ಚಿಕ್ಕ ಕೆಲಸ), 120 ಅಡಿ ದೂರ. ಗುರಿಯಾದವನು ಇಂಟೆಲಿಜೆನ್ಸ್ ಸೇವಿಂಗ್ ಥ್ರೋ ಮಾಡಬೇಕು, ಅಂದರೆ ಬುದ್ಧಿಬಲದಿಂದ ಮಂತ್ರ ತಪ್ಪಿಸಿಕೊಳ್ಳಲು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಸೋತರೆ ಒಂದು ನಿಮಿಷ ಚಲಿಸುವಂತಿಲ್ಲ, ಆಕ್ಷನ್ ಇಲ್ಲ, ಪ್ರತಿ ಸರದಿಗೆ 2ಡಿ6 (ಆರು ಮುಖದ ಎರಡು ದಾಳ ಉರುಳಿಸಿ ಕೂಡಿದಷ್ಟು) ಹಾನಿ. ಏಕಾಗ್ರತೆ (ಒಂದು ಸಲಕ್ಕೆ ಒಂದೇ ಮಂತ್ರವನ್ನು ಹಿಡಿದಿಟ್ಟುಕೊಳ್ಳುವ ಗಮನ) ಬೇಕಿಲ್ಲ. ಹಾನಿ ಕಡಿಮೆ ಇಟ್ಟಿದ್ದೇನಲ್ಲ, ಇದು ಸಮತೋಲನದಲ್ಲಿದೆ ಎನ್ನಬಹುದೆ? ಇಲ್ಲವಾದರೆ ಮೂರನೇ ಹಂತಕ್ಕೆ ಏರಿಸಿದರೆ ಸಾಕೆ?

ಉತ್ತರ: ಮೊದಲು ನಿಮ್ಮ ಗೆಳತಿಗೆ ನನ್ನದೊಂದು ಶಹಬ್ಬಾಸ್ ತಲುಪಿಸಿ. ಸ್ವಂತ ಮಂತ್ರ ಎಂದು ಜನ ನನಗೆ ತೋರಿಸುವುದರಲ್ಲಿ ಹೆಚ್ಚಿನವು ಫೈರ್‌ಬಾಲ್ ಎಂಬ ಬೆಂಕಿಯುಂಡೆ ಮಂತ್ರಕ್ಕೆ ಬೇರೆ ಬಣ್ಣ ಬಳಿದಂಥವು: ಹಸಿರು ಬೆಂಕಿ, ಕಪ್ಪು ಬೆಂಕಿ, ಬೆಂಕಿಯ ಬದಲು ಜೇನುನೊಣ. ನೆರಳಿಗೆ ಮೊಳೆ ಹೊಡೆಯುವುದು ಆ ಜಾತಿಯದಲ್ಲ. ಕೇಳಿದ ಕೂಡಲೇ ಕಣ್ಣೆದುರು ಚಿತ್ರ ಕಟ್ಟುತ್ತದೆ. ಚಿತ್ರ ಕಟ್ಟುವ ಮಂತ್ರವನ್ನು ತಿದ್ದುವುದು ಸುಲಭ. ಏಕೆ ಸುಲಭ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕಲ್ಪನೆ ಚೆನ್ನಾಗಿದೆ, ನೀವು ಬರೆದ ಚೀಟಿ ಚೆನ್ನಾಗಿಲ್ಲ. ಮೂರನೇ ಹಂತಕ್ಕೆ ಏರಿಸಿದರೂ ಸರಿಹೋಗುವುದಿಲ್ಲ. ನಿಮ್ಮ ಮಂತ್ರಕ್ಕೆ ಪುಸ್ತಕದಲ್ಲಿರುವ ಹತ್ತಿರದ ನೆಂಟ ಹೋಲ್ಡ್ ಮಾನ್‌ಸ್ಟರ್. ಅದು ಐದನೇ ಹಂತದ್ದು, ಅಂದರೆ ವಿಝರ್ಡ್ ಒಂಬತ್ತನೇ ಮಟ್ಟ ಮುಟ್ಟುವವರೆಗೆ ಸಿಗದು. ಅದಕ್ಕೆ ಪೂರ್ತಿ ಆಕ್ಷನ್ ಬೇಕು, ಏಕಾಗ್ರತೆ ಬೇಕು, ಅದು 90 ಅಡಿಯಾಚೆ ತಲುಪದು, ಸತ್ತೆದ್ದ ಪ್ರೇತಗಳ ಮೇಲೆ ನಡೆಯದು, ಸಿಕ್ಕಿಬಿದ್ದವನು ತನ್ನ ಪ್ರತಿ ಸರದಿಯ ಕೊನೆಗೆ ಮತ್ತೆ ಸೇವ್ ಮಾಡಿ ಬಿಡಿಸಿಕೊಳ್ಳಬಹುದು. ನಿಮ್ಮ ಎರಡನೇ ಹಂತದ ಮಂತ್ರದಲ್ಲಿ ಈ ಐದು ಅಡಚಣೆಗಳಲ್ಲಿ ಒಂದೂ ಇಲ್ಲ, ಮೇಲಿಂದ ಹಾನಿ ಬೇರೆ. ಹೋಲ್ಡ್ ಮಾನ್‌ಸ್ಟರ್ ಸಿಲುಕಿದವನನ್ನು ಪೂರ್ತಿ ಮರಗಟ್ಟಿಸುವುದರಿಂದ ಹತ್ತಿರದಿಂದ ಬಿದ್ದ ಪ್ರತಿ ಪೆಟ್ಟೂ ಕ್ರಿಟಿಕಲ್ (ಹಾನಿಯ ದಾಳ ಇಮ್ಮಡಿ) ಆಗುತ್ತದೆ. ಅದರ ಪಾಲಿಗೆ ಉಳಿದಿರುವ ದೊಡ್ಡ ಲಾಭ ಅದು. ಹೊಸ ಮಂತ್ರ ಬರೆದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಇದು ಆಟಕ್ಕೆ ಬಂದ ಮೇಲೆ ಯಾವ ಹಳೆಯ ಮಂತ್ರವನ್ನು ಯಾರೂ ಕಲಿಯುವುದಿಲ್ಲ? ಉತ್ತರದಲ್ಲಿ ಎರಡು ಮೂರು ಹೆಸರು ಬಂದರೆ ಚೀಟಿಯನ್ನು ಹರಿದು ಹಾಕುತ್ತೇನೆ.

ಹಾನಿ ಕಡಿಮೆ ಇದೆ ಎಂಬ ನಿಮ್ಮ ಸಮಾಧಾನವನ್ನೂ ಲೆಕ್ಕ ಹಾಕಿ ನೋಡೋಣ. ಆರು ಮುಖದ ಒಂದು ದಾಳದ ಸರಾಸರಿ ಮೂರೂವರೆ, 2ಡಿ6 ಎಂದರೆ ಸರಾಸರಿ 7. ಕಾಳಗ ನಾಲ್ಕು ಸುತ್ತು ನಡೆದರೆ 28. ಮೂರನೇ ಹಂತದ ಫೈರ್‌ಬಾಲ್‌ನ 8ಡಿ6 ದಾಳಗಳ ಸರಾಸರಿಯೂ 28. ಅಂದರೆ ಒಬ್ಬ ಶತ್ರುವಿನ ಮಟ್ಟಿಗೆ ನೀವು ಕಂತಿನಲ್ಲಿ ಫೈರ್‌ಬಾಲ್ ಕೊಟ್ಟಿದ್ದೀರಿ, ಅದೂ ಒಂದು ಹಂತ ಕಡಿಮೆ ಬೆಲೆಗೆ.

ಆಟ ನಡೆಸುವ ಡಂಜನ್ ಮಾಸ್ಟರ್‌ಗಳ ಕೈಪಿಡಿಯ ಒಂಬತ್ತನೇ ಅಧ್ಯಾಯದಲ್ಲಿ ಮಂತ್ರದ ಹಂತಕ್ಕೆ ಎಷ್ಟು ಹಾನಿ ಸಲ್ಲುತ್ತದೆ ಎಂಬ ಪುಟ್ಟ ಕೋಷ್ಟಕವಿದೆ. ಎರಡನೇ ಹಂತಕ್ಕೆ ಒಬ್ಬನೇ ಗುರಿಯಾದರೆ 3ಡಿ10, ಹಲವರಾದರೆ 4ಡಿ6. ಮೂರನೇ ಹಂತಕ್ಕೆ 5ಡಿ10, ಹಲವರಿಗೆ 6ಡಿ6. ಹಲವರನ್ನು ಸುಡುವ ಫೈರ್‌ಬಾಲ್‌ಗೆ 6ಡಿ6 ಸಲ್ಲಬೇಕಿತ್ತು, ಅದಕ್ಕೆ ಇರುವುದು 8ಡಿ6. ಅದು ಈ ಆಟದ ಮುದ್ದಿನ ಮಗು, ಅದಕ್ಕೆ ಎರಡು ದಾಳ ಹೆಚ್ಚು. ಮನೆಯ ಮುದ್ದಿನ ಮಗುವನ್ನು ಅಳತೆಗೋಲು ಮಾಡಿಕೊಂಡು ಮಿಕ್ಕವರನ್ನು ಅಳೆಯಬಾರದು. ಅಳತೆಗೆ ಕೋಷ್ಟಕವನ್ನು ನೋಡಿ, ಫೈರ್‌ಬಾಲ್ ಅನ್ನು ಬಿಡಿ.

ಆದರೆ ನಿಮ್ಮ ಮಂತ್ರದ ವಿಷಯದಲ್ಲಿ ಆ ಕೋಷ್ಟಕವೂ ಹೆಚ್ಚು ನೆರವಿಗೆ ಬಾರದು. ಅದು ಅಳೆಯುವುದು ಹಾನಿಯನ್ನು. ನೀವು ಮಾರುತ್ತಿರುವ ಸರಕು ಬೇರೆ. ಶತ್ರುವಿನ ಸರದಿಯನ್ನೇ ಕಿತ್ತುಕೊಳ್ಳುವ ಮಂತ್ರದಲ್ಲಿ ಎಣಿಸಬೇಕಾದದ್ದು ಕಿತ್ತುಕೊಂಡ ಸರದಿಗಳನ್ನು. ಐದನೇ ಮಟ್ಟದ ನಿಮ್ಮ ವಿಝರ್ಡ್‌ನ ಸೇವ್ ಡಿಸಿ, ಅಂದರೆ ಪಾರಾಗಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ, ಎಷ್ಟು? ಎಂಟು, ಪ್ರಾವೀಣ್ಯದ ಮೂರು, ಇಂಟೆಲಿಜೆನ್ಸ್ 18 ಇದ್ದರೆ ಅದರ ನಾಲ್ಕು, ಒಟ್ಟು 15. ಎದುರಿಗೆ ಓಗರ್ ಎಂಬ ದೈತ್ಯ ನಿಂತಿದೆ ಎಂದುಕೊಳ್ಳಿ. 59 ಹಿಟ್ ಪಾಯಿಂಟ್ (ಪ್ರಾಣಬಲ), ಕೈಯಲ್ಲಿ ದೊಣ್ಣೆ, ತಲೆಯಲ್ಲಿ ಇಂಟೆಲಿಜೆನ್ಸ್ 5, ಅಂದರೆ ದಾಳಕ್ಕೆ ಮೂರು ಕಳೆ. ಪಾರಾಗಲು ಅದಕ್ಕೆ 18, 19 ಅಥವಾ 20 ಬೀಳಬೇಕು. ನೂರಕ್ಕೆ 85 ಸಲ ಅದು ಸಿಕ್ಕಿಬೀಳುತ್ತದೆ. ಮತ್ತೆ ಸೇವ್ ಮಾಡುವ ಅವಕಾಶವನ್ನು ನೀವು ಕೊಟ್ಟಿಲ್ಲವಾದ್ದರಿಂದ ನಾಲ್ಕು ಸುತ್ತಿನ ಕಾಳಗದಲ್ಲಿ ಸರಾಸರಿ 3.4 ಸರದಿ ಹೋಯಿತು. ಇಷ್ಟಕ್ಕೆ ಆಕೆ ತೆತ್ತದ್ದು ಒಂದು ಬೋನಸ್ ಆಕ್ಷನ್, ಒಂದು ಎರಡನೇ ಹಂತದ ಸ್ಲಾಟ್ (ಇಷ್ಟೇ ಎಂದು ಎಣಿಸಿ ಕೊಟ್ಟ, ಮಂತ್ರ ಹಾಕಿದಾಗ ಖರ್ಚಾಗುವ ಶಕ್ತಿ). ಅದೇ ಸರದಿಯಲ್ಲಿ ಆಕ್ಷನ್ ಖಾಲಿ ಇದೆಯಲ್ಲ, ಒಂದು ಫೈರ್ ಬೋಲ್ಟ್ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ) ಹೊಡೆದು 2ಡಿ10 ಸುಡಬಹುದು.

ಏಕಾಗ್ರತೆಯೂ ಇಲ್ಲ. ಐದನೇ ಮಟ್ಟದ ವಿಝರ್ಡ್‌ಗೆ ಎರಡನೇ ಹಂತದ ಸ್ಲಾಟ್ ಮೂರು, ಮೂರನೇ ಹಂತದ್ದು ಎರಡು. ಐದು ಸುತ್ತಿನಲ್ಲಿ ಐದು ಓಗರ್‌ಗಳು ಒಂದೊಂದು ಮೊಳೆಗೆ ಸಿಕ್ಕಿ ಗೋಡೆಗೆ ತೂಗುಹಾಕಿದ ಅಂಗಿಯ ಹಾಗೆ ನಿಂತಿರುತ್ತವೆ. ಉಳಿದ ಆಟಗಾರರು ಮಾಡುವುದೇನು? ನೆಲ ಗುಡಿಸುವುದು. ಒಬ್ಬರ ಮಂತ್ರ ಅತಿಯಾದಾಗ ಮೊದಲು ಬೇಸರಗೊಳ್ಳುವವರು ಪಕ್ಕದಲ್ಲಿ ಕುಳಿತ ಗೆಳೆಯರು. ಕಾಳಗ ಸುಲಭವಾಯಿತೆಂದು ಯಾರೂ ದೂರುವುದಿಲ್ಲ, ತಾನಿಲ್ಲದಿದ್ದರೂ ನಡೆಯುತ್ತಿತ್ತು ಎಂಬುದು ಚುಚ್ಚುತ್ತದೆ.

ಈಗ ತಿದ್ದುಪಡಿ. ಸಾಮಾನ್ಯವಾಗಿ ಈ ಹಂತದಲ್ಲಿ ಜನ ಕತ್ತರಿ ಹಿಡಿಯುತ್ತಾರೆ: ದೂರ ಕತ್ತರಿಸು, ಹಾನಿ ಕತ್ತರಿಸು, ದಿನಕ್ಕೆ ಒಂದೇ ಸಲ ಎಂದು ಷರತ್ತು ಹಾಕು. ಕೊನೆಗೆ ಉಳಿಯುವುದು ಯಾರಿಗೂ ಬೇಡದ ಒಂದು ತುಂಡು. ನಾನು ಬೇರೆ ಕಡೆಯಿಂದ ಹೊರಡುತ್ತೇನೆ. ಮಿತಿಗಳನ್ನು ಹೊರಗಿನಿಂದ ತಂದು ಅಂಟಿಸುವ ಬದಲು ಮಂತ್ರದ ಚಿತ್ರದೊಳಗೆ ಹುಡುಕುತ್ತೇನೆ. ಹಳೆಯ ಫೈರ್‌ಬಾಲ್ ಇದಕ್ಕೆ ಒಳ್ಳೆಯ ಪಾಠ. 1978ರ ಆಟಗಾರರ ಕೈಪಿಡಿಯಲ್ಲಿ ಆ ಬೆಂಕಿ 33,000 ಘನ ಅಡಿ ಜಾಗವನ್ನು ತುಂಬಿಕೊಳ್ಳುತ್ತಿತ್ತು. ಬಯಲಿನಲ್ಲಿ ಉಂಡೆ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಸುರಂಗದಲ್ಲಿ ಹೊಡೆದರೆ ಒಟ್ಟು 330 ಅಡಿ ಉದ್ದಕ್ಕೆ ಹರಿಯುವ ಬೆಂಕಿಯ ಹೊಳೆ. ಹೊಡೆದವನ ಮೀಸೆಯೂ ಸುಟ್ಟುಹೋಗುತ್ತಿತ್ತು. ಮಂತ್ರಕ್ಕೆ ಬೇರೆ ಕಡಿವಾಣ ಬೇಕಿರಲಿಲ್ಲ, ಬೆಂಕಿ ಬೆಂಕಿಯ ಹಾಗೆ ವರ್ತಿಸಿದರೆ ಸಾಕಿತ್ತು. ಈಗಿನ ಆವೃತ್ತಿಯಲ್ಲಿ ಈ ಲೆಕ್ಕದ ತಲೆನೋವು ಇಲ್ಲ. ಸರಿಯೇ ಇರಬಹುದು, ನನಗೆ ಮಾತ್ರ ಇನ್ನೂ ಸ್ವಲ್ಪ ಹೊಟ್ಟೆಯುರಿ ಇದೆ.

ಹಾಗಾದರೆ ನಿಮ್ಮ ಮೊಳೆಯ ಚಿತ್ರವನ್ನು ಹತ್ತಿರದಿಂದ ನೋಡಿ. ನೆಲದ ಮೇಲೆ ನೆರಳು ಹಾಸಿದೆ. ಅದರ ನಡುವೆ ಮೊಳೆ ಇಳಿದಿದೆ. ನೆರಳಿನ ಒಡೆಯ ಹೆಜ್ಜೆ ಎತ್ತಿದಾಗ ನೆರಳು ಬಿಗಿದ ಹಗ್ಗದಂತೆ ಎಳೆದುಕೊಳ್ಳುತ್ತದೆ. ಅವನ ಕೈ ಕಟ್ಟಿದೆಯೆ? ಇಲ್ಲ. ಬಾಯಿ? ಅದೂ ಇಲ್ಲ. ಬುದ್ಧಿ ಮಂಕಾಗಿದೆಯೆ? ಏಕೆ ಆಗಬೇಕು? ಅವನು ಇಲ್ಲಿಂದ ಆಚೆ ಹೋಗಲಾರ, ಅಷ್ಟೆ. ಅಂದಮೇಲೆ ಆಕ್ಷನ್ ಕಿತ್ತುಕೊಳ್ಳುವುದು ನಿಮ್ಮ ಚಿತ್ರದಲ್ಲೇ ಇರಲಿಲ್ಲ; ಪ್ರಬಲವಾಗಿರಲಿ ಎಂಬ ಆಸೆಗೆ ನೀವು ಸೇರಿಸಿದ್ದು. ಅದನ್ನು ತೆಗೆಯಿರಿ, ವೇಗ ಸೊನ್ನೆಯಾಗಲಿ. ಓಗರ್ ನಿಂತಲ್ಲೇ ನಿಂತು ಹತ್ತಿರ ಬಂದವನಿಗೆ ದೊಣ್ಣೆ ಬೀಸಲಿ, ದೂರದವನಿಗೆ ಜಾವೆಲಿನ್ ಎಸೆಯಲಿ. ಅದರ ಬಳಿ ಜಾವೆಲಿನ್ ಇರುತ್ತದೆ, ನಾವೆಲ್ಲ ಮರೆಯುತ್ತೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಮಂತ್ರ ಸಪ್ಪೆ. ಮೊದಲನೇ ಹಂತದ ಎನ್‌ಟ್ಯಾಂಗಲ್ ಇಪ್ಪತ್ತು ಅಡಿ ಚೌಕದಲ್ಲಿರುವ ಎಲ್ಲರ ಕಾಲಿಗೆ ಬಳ್ಳಿ ಸುತ್ತುತ್ತದೆ. ಎರಡನೇ ಹಂತದಲ್ಲಿ ಒಬ್ಬನ ಕಾಲನ್ನಷ್ಟೇ ಹಿಡಿಯುವುದಕ್ಕೆ ಯಾರು ಸ್ಲಾಟ್ ಸುಡುತ್ತಾರೆ? ಇಲ್ಲಿ ಮತ್ತೆ ಚಿತ್ರವೇ ದಾರಿ ತೋರಿಸುತ್ತದೆ. ನೆರಳನ್ನು ಬಿಟ್ಟು ಯಾರೂ ಎಲ್ಲಿಗೂ ಹೋಗಲಾರರು, ಮಾಯವಾಗಿಯೂ ಹೋಗಲಾರರು. ಆದ್ದರಿಂದ ಮೊಳೆಗೆ ಸಿಕ್ಕವನು ಟೆಲಿಪೋರ್ಟ್ ಮಾಡಲಾರ, ಬೇರೆ ಲೋಕಕ್ಕೂ ಜಾರಲಾರ. ಈ ಒಂದು ಸಾಲು ಬಂದ ಕೂಡಲೇ ಮಂತ್ರಕ್ಕೆ ಸ್ವಂತ ಕೆಲಸ ಸಿಕ್ಕಿತು. ಇನ್ನೇನು ಸೋಲುತ್ತೇನೆ ಎಂದಾಗ ಮಿಸ್ಟಿ ಸ್ಟೆಪ್ ಎಂಬ ಮಂತ್ರ ಹಾಕಿ ಕಿಟಕಿಯಾಚೆ ಹಾರಿ ನಗುವ ಶತ್ರು ಮಾಂತ್ರಿಕನಿಂದ ಬೇಸತ್ತಿಲ್ಲದ ಗುಂಪು ಎಲ್ಲಾದರೂ ಇದೆಯೆ? ಕಾಲು ಕಟ್ಟುವ ಮಂತ್ರ ಎರಡನೇ ಹಂತದಲ್ಲಿ ಬೇಕಾದಷ್ಟಿವೆ. ಜಾರಿಕೊಳ್ಳುವವನನ್ನು ಹಿಡಿಯುವುದು ಅಪರೂಪ.

ಈ ಕೆಲಸ ಗೊತ್ತಾದ ಮೇಲೆ ಯಾವ ಸೇವ್ ಎಂಬುದೂ ತಾನಾಗಿ ತೀರ್ಮಾನವಾಗುತ್ತದೆ. ಇಂಟೆಲಿಜೆನ್ಸ್ ಸೇವ್ ಕೇಳುವ ಮಂತ್ರಗಳು ಕಡಿಮೆ. ಹಾಗಾಗಿ ಅದರಲ್ಲಿ ಸೋಲುವ ರಾಕ್ಷಸರು ಯಥೇಚ್ಛ. ಹೊಸದಾಗಿ ಮಂತ್ರ ಬರೆಯುವವರು ಇದನ್ನು ವೈವಿಧ್ಯ ಎಂದುಕೊಳ್ಳುತ್ತಾರೆ, ಆಟದಲ್ಲಿ ಅದು ಕಳ್ಳಬಾಗಿಲು. ನಿಮ್ಮ ಚಿತ್ರದಲ್ಲಿ ಸಿಕ್ಕಿಬಿದ್ದವನು ಹಗ್ಗದಂತೆ ಬಿಗಿದ ನೆರಳನ್ನು ಎಳೆಯುತ್ತಾನೆ, ಆದ್ದರಿಂದ ಸ್ಟ್ರೆಂತ್ ಸೇವ್ ಇರಲಿ. ಏನಾಗುತ್ತದೆ ನೋಡಿ. ಓಗರ್‌ಗೆ ಸ್ಟ್ರೆಂತ್ 19, ದಾಳಕ್ಕೆ ನಾಲ್ಕು ಕೂಡಿಸು. 11 ಬಿದ್ದರೆ ಪಾರು. ಸಿಕ್ಕಿಬೀಳುವ ಸಾಧ್ಯತೆ 85ರಿಂದ 50ಕ್ಕೆ ಇಳಿಯಿತು. ಇನ್ನು ಮಾನ್‌ಸ್ಟರ್ ಕೈಪಿಡಿಯಲ್ಲಿರುವ ಮೇಜ್, ಅಂದರೆ ಶತ್ರುಪಾಳಯದ ಮಾಂತ್ರಿಕ: ಇಂಟೆಲಿಜೆನ್ಸ್ ಸೇವ್ +6, ಸ್ಟ್ರೆಂತ್ 9 ಆದ್ದರಿಂದ ಒಂದು ಕಳೆ. ನಿಮ್ಮ ಹಳೆಯ ಚೀಟಿಯಲ್ಲಿ ಅವನು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 40, ಹೊಸದರಲ್ಲಿ 75. ಮೊದಲು ನಿಮ್ಮ ಮೊಳೆ ದಡ್ಡ ದೈತ್ಯರನ್ನು ಹಿಡಿದು ಜಾಣ ಮಾಂತ್ರಿಕರನ್ನು ಬಿಡುತ್ತಿತ್ತು, ಈಗ ತಿರುವುಮುರುವು. ಒಂದು ಪದ ಬದಲಿಸಿದ್ದಕ್ಕೆ ಇಷ್ಟು. ಮಂತ್ರ ಬರೆಯುವುದರಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಗಳಿಗೆ ಇದೇ.

ಬಿಡಿಸಿಕೊಳ್ಳುವ ದಾರಿಗೆ ಎರಡು ಮಾದರಿಗಳಿವೆ. ಹೋಲ್ಡ್ ಪರ್ಸನ್ ಎಂಬ ಮರಗಟ್ಟಿಸುವ ಮಂತ್ರದಲ್ಲಿ ಸರದಿಯ ಕೊನೆಗೆ ಪುಕ್ಕಟೆಯಾಗಿ ಇನ್ನೊಂದು ಸೇವ್ ಸಿಗುತ್ತದೆ. ವೆಬ್ ಎಂಬ ಮಂತ್ರದಲ್ಲಿ ಬಲೆ ಹರಿಯಲು ಆಕ್ಷನ್ ಖರ್ಚು ಮಾಡಬೇಕು. ಮೈ ಪೂರ್ತಿ ಮರಗಟ್ಟಿದವನಿಗೆ ಮೊದಲನೆಯದು ಸರಿ, ಅವನಿಗೆ ಬೇರೆ ದಾರಿಯೇ ಇಲ್ಲ. ಕೈ ಬಾಯಿ ಸ್ವತಂತ್ರವಾಗಿರುವ ನಿಮ್ಮ ಬಂದಿಗೆ ನಾನು ಎರಡನೆಯದನ್ನು ಕೊಡುತ್ತೇನೆ. ಆಗ ಅವನ ಮುಂದೆ ನಿಜವಾದ ಇಕ್ಕಟ್ಟು: ಈ ಸರದಿಯಲ್ಲಿ ಮೊಳೆ ಕೀಳಲೆ, ಇಲ್ಲ ನಿಂತಲ್ಲಿಂದಲೇ ಹೊಡೆಯಲೆ? ಆಟ ನಡೆಸುವ ನಿಮಗೂ ಮಾಡಲು ಕೆಲಸವಿರುತ್ತದೆ. ಲೆಕ್ಕ ಬೇಕಿದ್ದರೆ: ಓಗರ್ ಅರ್ಧ ಸಲ ಸಿಕ್ಕಿಬೀಳುತ್ತದೆ, ಸಿಕ್ಕಾಗ ಬಿಡಿಸಿಕೊಳ್ಳಲು ಸರಾಸರಿ ಎರಡು ಯತ್ನ, ಒಟ್ಟಾರೆ ಕಳೆದುಕೊಳ್ಳುವುದು ಒಂದು ಆಕ್ಷನ್. 3.4 ಎಲ್ಲಿ, ಒಂದು ಎಲ್ಲಿ!

ಮೊಳೆ ಕಣ್ಣಿಗೆ ಕಾಣುವ ವಸ್ತು ಎಂಬುದನ್ನೂ ಮರೆಯಬೇಡಿ. ಬಂದಿಯ ಗೆಳೆಯನೊಬ್ಬ ಓಡಿಬಂದು ಅದನ್ನು ಕೀಳಲು ನೋಡಬಹುದು. ಹಲವರಿಗೆ ಮಂಕು ಕವಿಸುವ ಹಿಪ್ನಾಟಿಕ್ ಪ್ಯಾಟರ್ನ್ ಮಂತ್ರ ಎಷ್ಟು ಬಲಶಾಲಿಯಾದರೂ ಅಸಹ್ಯವೆನಿಸದಿರಲು ಒಂದು ಕಾರಣ, ಪಕ್ಕದವನು ಭುಜ ಹಿಡಿದು ಅಲುಗಿಸಿದರೆ ಮಂಕು ಇಳಿಯುತ್ತದೆ. ಎದುರಾಳಿಗೆ ಮಾಡಲು ಏನಾದರೂ ಇರುವ ಮಂತ್ರ ಸ್ವಲ್ಪ ಭಾರಿಯಾದರೂ ಜನ ಸಹಿಸುತ್ತಾರೆ.

ಹಾನಿ ಬೇಕೇಬೇಕು ಎಂದು ಗೆಳತಿ ಮುಖ ಸಣ್ಣ ಮಾಡಿಕೊಂಡರೆ, ಎಳೆದು ಸೋತಾಗ ಮಾತ್ರ 2ಡಿ6 ಸೈಕಿಕ್ (ಮನಸ್ಸಿಗಾಗುವ) ಹಾನಿ ಇಡಿ. ಸುಮ್ಮನೆ ನಿಂತವನಿಗೆ ನೋವಿಲ್ಲ, ಹರಿದುಕೊಳ್ಳಲು ಹೋದವನಿಗೆ ನೆರಳು ಹರಿದ ನೋವು. ಏಕಾಗ್ರತೆಯ ಬಗ್ಗೆ ಮಾತ್ರ ಚೌಕಾಸಿ ಬೇಡ. ಮೊಳೆಗೆ ಸಿಕ್ಕ ಮಾಂತ್ರಿಕ ಬಾಯಿ ಕಟ್ಟದ ಕಾರಣ ಫೈರ್‌ಬಾಲ್ ಎಸೆದೇ ಎಸೆಯುತ್ತಾನೆ. ನಿಮ್ಮ ವಿಝರ್ಡ್‌ಗೆ 28 ಹಾನಿ ತಗುಲಿದರೆ ಏಕಾಗ್ರತೆ ಉಳಿಸಿಕೊಳ್ಳಲು ಡಿಸಿ 14ರ ಕಾನ್‌ಸ್ಟಿಟ್ಯೂಶನ್ (ದೇಹದಾರ್ಢ್ಯ) ಸೇವ್. ಆ ದಾಳ ಉರುಳುವಾಗ ಟೇಬಲ್ಲಿನ ಸುತ್ತ ಎಲ್ಲರೂ ಎದ್ದು ನಿಂತಿರುತ್ತಾರೆ. ಏಕಾಗ್ರತೆ ತೆಗೆದರೆ ಈ ಗಳಿಗೆಯೂ ಹೋಗುತ್ತದೆ.

ಬೆಳಕಿನ ವಿಷಯಕ್ಕೆ ಬರೋಣ. ಹೆಚ್ಚು ಜಗಳವಾಗುವುದು ಇಲ್ಲಿಯೇ. ನೆರಳು ಬೀಳಬೇಕಾದರೆ ಬೆಳಕು ಬೇಕು. ಕೇಳಲು ದೊಡ್ಡ ಮಿತಿಯಂತಿದೆ, ಆದರೆ ಲೈಟ್ ಎಂಬ ಕ್ಯಾಂಟ್ರಿಪ್ ಯಾವ ಸ್ಲಾಟೂ ಕೇಳದೆ ಇಪ್ಪತ್ತು ಅಡಿ ಪ್ರಕಾಶ, ಮತ್ತಿಪ್ಪತ್ತು ಅಡಿ ಮಬ್ಬು ಬೆಳಕು ಕೊಡುತ್ತದೆ. ಆದ್ದರಿಂದ ಬೆಳಕಿನ ಷರತ್ತನ್ನು ಮಂತ್ರದ ಬೆಲೆಯಲ್ಲಿ ಕಳೆಯಬೇಡಿ. ಅದು ಒಗಟು, ಒಗಟಾಗಿಯೇ ಇರಲಿ: ಮಂತ್ರ ಹಾಕುವಾಗ ಗುರಿ ಪ್ರಕಾಶದಲ್ಲೋ ಮಬ್ಬಿನಲ್ಲೋ ಇರಬೇಕು, ಕಗ್ಗತ್ತಲು ಕವಿದರೆ ಮೊಳೆ ಕಳಚುತ್ತದೆ. ಇದರಿಂದ ಶತ್ರುಗಳು ದೀವಟಿಗೆ ಆರಿಸಲು ಓಡುತ್ತಾರೆ, ನಿಮ್ಮ ಆಟಗಾರರು ಕಾಯಲು ಓಡುತ್ತಾರೆ, ಡಾರ್ಕ್‌ನೆಸ್ ಮಂತ್ರಕ್ಕೆ ಹೊಸದೊಂದು ಉಪಯೋಗ ಸಿಗುತ್ತದೆ. ಒಂದು ಎಚ್ಚರಿಕೆ ನಿಮಗೆ: ಮಂತ್ರ ಕೈಮೀರಿತು ಎನ್ನಿಸಿದಾಗ ಮುಂದಿನ ಗುಹೆಗಳನ್ನೆಲ್ಲ ಕತ್ತಲು ಮಾಡುವ ಚಪಲ ಬರುತ್ತದೆ. ಮಾಡಬೇಡಿ. ಆಟಗಾರರಿಗೆ ಅದು ಸೇಡಿನ ಹಾಗೆ ಕಾಣುತ್ತದೆ, ಬಹುತೇಕ ಸಲ ಸೇಡೇ ಆಗಿರುತ್ತದೆ.

ಜಾಣ ಆಟಗಾರ್ತಿ ಮುಂದೆ ಕೇಳುವ ಪ್ರಶ್ನೆಗಳನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ದೀಪವಿದ್ದರೆ ಎರಡು ನೆರಳು, ಎರಡು ಮೊಳೆ ಹೊಡೆಯಬಹುದೆ? ಬೇಡ. ನಡುಮಧ್ಯಾಹ್ನ ನೆರಳು ಪಾದದಡಿ ಇದ್ದರೆ? ಇದೆಯಲ್ಲ, ಸಾಕು. ಡ್ರ್ಯಾಗನ್ ಇನ್ನೂರು ಅಡಿ ಮೇಲೆ ಹಾರುತ್ತಿದೆ, ಅದರ ನೆರಳು ನನ್ನ ಕಾಲಬಳಿಯೇ ಹಾದುಹೋಗುತ್ತಿದೆ, ಹೊಡೆಯಲೆ? ಎಂಥ ಸೊಗಸಾದ ಪ್ರಶ್ನೆ! ನನಗೂ ಹೌದು ಎನ್ನುವ ಆಸೆ. ಆದರೆ ಹಾರುತ್ತಿರುವ ಪ್ರಾಣಿಯ ವೇಗ ಸೊನ್ನೆಯಾದರೆ, ನಿಂತಲ್ಲೇ ತೇಲುವ ಶಕ್ತಿ ಇಲ್ಲದಿದ್ದರೆ, ಅದು ಬೀಳುತ್ತದೆ ಎಂಬುದು ನಿಯಮ. ಬಿದ್ದರೆ ಪ್ರತಿ ಹತ್ತು ಅಡಿಗೆ 1ಡಿ6, ಹೆಚ್ಚೆಂದರೆ 20ಡಿ6. ಇನ್ನೂರು ಅಡಿಯಿಂದ ಬಿದ್ದ ಡ್ರ್ಯಾಗನ್‌ಗೆ ಸರಾಸರಿ 70 ಹಾನಿ, ಅದೂ ಎರಡನೇ ಹಂತದ ಸ್ಲಾಟಿಗೆ. ವಯಸ್ಕ ಕೆಂಪು ಡ್ರ್ಯಾಗನ್‌ನ ಸ್ಟ್ರೆಂತ್ ಸೇವ್ +8 ಆದ್ದರಿಂದ ಡಿಸಿ 15ಕ್ಕೆ ನೂರಕ್ಕೆ 70 ಸಲ ಗೆಲ್ಲುತ್ತದೆ. ಸೋತರೂ ದಿನಕ್ಕೆ ಮೂರು ಸಲ ಸೋಲನ್ನು ಗೆಲುವಾಗಿಸಿಕೊಳ್ಳುವ ಲೆಜೆಂಡರಿ ರೆಸಿಸ್ಟೆನ್ಸ್ ಅದಕ್ಕಿದೆ. ಆದರೂ ಬಾಗಿಲು ತೆರೆದಿಡಬೇಡಿ. ಅರ್ತ್‌ಬೈಂಡ್ ಎಂಬ ಎರಡನೇ ಹಂತದ ಮಂತ್ರ ಹಾರುವ ಪ್ರಾಣಿಯನ್ನು ಪ್ರತಿ ಸುತ್ತಿಗೆ 60 ಅಡಿಯಂತೆ ಪೆಟ್ಟಾಗದಂತೆ ಇಳಿಸುತ್ತದೆ. ಅದೇ ಸಾಲನ್ನು ಎರವಲು ಪಡೆಯಿರಿ. ದೂರವನ್ನು ನೆರಳಿಗಲ್ಲ, ಪ್ರಾಣಿಗೇ ಅಳೆಯಿರಿ.

ಕಾಳಗದ ಹೊರಗೆ ಏನಾಗುತ್ತದೆ ಎಂದು ಯೋಚಿಸದೆ ಮಂತ್ರ ಬರೆದು ನಾನು ಒಮ್ಮೆ ಚೆನ್ನಾಗಿ ಕೈಸುಟ್ಟುಕೊಂಡಿದ್ದೇನೆ. ಮೊದಲನೇ ಹಂತದ ಮುದ್ದಾದ ಮಂತ್ರ: ಅಂಗೈಯಲ್ಲಿ ಹಿಡಿಯುವ ಯಾವುದೇ ವಸ್ತುವಿಗೆ ಗುರುತು ಮಾಡಿ, ಆಮೇಲೆ ಕರೆದಾಗ ಅದು ಕೈಗೆ ಮರಳುತ್ತದೆ. ಎಸೆದ ಕಠಾರಿ ವಾಪಸ್ ಬರಲಿ ಎಂದು ಬರೆದದ್ದು. ಎಷ್ಟು ಹೊತ್ತು ಗುರುತು ಉಳಿಯುತ್ತದೆ ಎಂದು ಬರೆಯಲು ಮರೆತಿದ್ದೆ. ಆಟಗಾರ ಕಠಾರಿಗೆ ಗುರುತು ಮಾಡಲೇ ಇಲ್ಲ, ಒಂದು ಚಿನ್ನದ ನಾಣ್ಯಕ್ಕೆ ಮಾಡಿದ. ಮುಂದಿನ ಊರಿನಲ್ಲಿ ಅವನು ಅದೇ ನಾಣ್ಯದಿಂದ ಅಂಗಡಿಯಿಂದ ಅಂಗಡಿಗೆ ಸಾಮಾನು ಕೊಳ್ಳುತ್ತಾ ಹೋದ, ಬೀದಿಯ ತಿರುವಿನಲ್ಲಿ ಪ್ರತಿ ಸಲ ಅಂಗೈ ಚಾಚುತ್ತಾ. ನಾನು ಪೆನ್ಸಿಲ್ ಕಚ್ಚುತ್ತಾ ಕುಳಿತಿದ್ದೆ.

ಪುಸ್ತಕ ಬರೆಯುವವರೂ ಇದೇ ಗುಂಡಿಗೆ ಬಿದ್ದಿದ್ದಾರೆಂಬುದು ಒಂದು ಸಮಾಧಾನ. 2017ರಲ್ಲಿ ಬಂದ ಹೀಲಿಂಗ್ ಸ್ಪಿರಿಟ್ ಮಂತ್ರದಲ್ಲಿ ಆತ್ಮವೊಂದು ಒಂದು ನಿಮಿಷ ನಿಂತಿರುತ್ತದೆ, ಅದರ ಜಾಗಕ್ಕೆ ಹೊಕ್ಕವರಿಗೆ 1ಡಿ6 ಗುಣವಾಗುತ್ತದೆ. ಕಾಳಗದಲ್ಲಿ ತಕ್ಕಮಟ್ಟಿಗೆ ಸರಿ. ಕಾಳಗ ಮುಗಿದ ಮೇಲೆ ಗುಂಪಿಗೆ ಗುಂಪೇ ಸಾಲುಗಟ್ಟಿ ಆ ಜಾಗವನ್ನು ಹತ್ತು ಸುತ್ತು ಹಾಯ್ದರೆ ಪ್ರತಿಯೊಬ್ಬರಿಗೂ ಸರಾಸರಿ 35. 2020ರಲ್ಲಿ ಪ್ರಕಾಶಕರು ತಿದ್ದುಪಡಿ ತಂದು, ಒಟ್ಟು ಎಷ್ಟು ಸಲ ಗುಣಪಡಿಸಬಹುದು ಎಂಬುದಕ್ಕೆ ಮಂತ್ರ ಹಾಕುವವರ ಸಾಮರ್ಥ್ಯದಿಂದ ದಾಳಕ್ಕೆ ಕೂಡುವ ಸಂಖ್ಯೆಗೆ ಒಂದು ಸೇರಿಸಿದಷ್ಟು ಎಂಬ ಮಿತಿ ಹಾಕಿದರು. ನಿಮ್ಮ ಮೊಳೆಗೆ ಈ ಭಯ ಕಡಿಮೆ, ಆದರೂ ಕಾಲಮಿತಿ ಒಂದು ನಿಮಿಷ ಎಂದು ಸ್ಪಷ್ಟವಾಗಿ ಬರೆಯಿರಿ. ಓಡುವ ಕುದುರೆಗೆ, ಪರಾರಿಯಾಗುವ ಕಳ್ಳನಿಗೆ, ಪಲ್ಲಕ್ಕಿಯ ಮುಂದಾಳಿಗೆ ಆಕೆ ಇದನ್ನು ಹೊಡೆಯುತ್ತಾಳೆ. ಹೊಡೆಯಲಿ, ಅದೆಲ್ಲ ಮಜವೇ.

ಇಷ್ಟನ್ನು ಸೇರಿಸಿ ನಾನಾದರೆ ಹೀಗೆ ಬರೆಯುತ್ತೇನೆ:

ನೆರಳು ಮೊಳೆ. ಎರಡನೇ ಹಂತ, ವಿಝರ್ಡ್ ಮಾತ್ರ. ಹಾಕಲು ಒಂದು ಆಕ್ಷನ್. ದೂರ 60 ಅಡಿ. ಮಾತು, ಕೈಸನ್ನೆ, ಒಂದು ಕಬ್ಬಿಣದ ಮೊಳೆ. ಏಕಾಗ್ರತೆ, ಹೆಚ್ಚೆಂದರೆ ಒಂದು ನಿಮಿಷ. ನಿಮಗೆ ಕಾಣುವ, ಪ್ರಕಾಶ ಅಥವಾ ಮಬ್ಬು ಬೆಳಕಿನಲ್ಲಿರುವ ಒಂದು ಜೀವಿ ಸ್ಟ್ರೆಂತ್ ಸೇವಿಂಗ್ ಥ್ರೋ ಮಾಡಬೇಕು. ಸೋತರೆ ಮಂತ್ರ ಮುಗಿಯುವವರೆಗೆ ಅದರ ವೇಗ ಸೊನ್ನೆ. ಅದು ಟೆಲಿಪೋರ್ಟ್ ಮಾಡಲಾರದು, ಬೇರೆ ಲೋಕಕ್ಕೆ ಹೋಗಲಾರದು. ಹಾರುತ್ತಿದ್ದರೆ ಪ್ರತಿ ಸುತ್ತಿಗೆ 60 ಅಡಿಯಂತೆ ಪೆಟ್ಟಿಲ್ಲದೆ ಇಳಿಯುತ್ತದೆ. ಸಿಕ್ಕಿಬಿದ್ದ ಜೀವಿ ಆಕ್ಷನ್ ಬಳಸಿ ಮತ್ತೆ ಸೇವ್ ಮಾಡಬಹುದು. ಗೆದ್ದರೆ ಬಿಡುಗಡೆ, ಸೋತರೆ 2ಡಿ6 ಸೈಕಿಕ್ ಹಾನಿ. ಅದರಿಂದ ಐದು ಅಡಿಯೊಳಗಿರುವ ಬೇರೆ ಜೀವಿ ಆಕ್ಷನ್ ಬಳಸಿ, ನಿಮ್ಮ ಡಿಸಿ ಎದುರು ಸ್ಟ್ರೆಂತ್ ಪರೀಕ್ಷೆ ಗೆದ್ದು ಮೊಳೆ ಕೀಳಬಹುದು. ಗುರಿ ಪೂರ್ತಿ ಕತ್ತಲಲ್ಲಿ ಮುಳುಗಿದರೆ ಮಂತ್ರ ಮುಗಿಯುತ್ತದೆ. ಮೇಲಿನ ಹಂತದ ಸ್ಲಾಟ್ ಬಳಸಿದರೆ ಎರಡರ ಮೇಲಿನ ಪ್ರತಿ ಹಂತಕ್ಕೂ ಇನ್ನೊಂದು ಗುರಿ. ಗುರಿಗಳೆಲ್ಲ ಒಂದಕ್ಕೊಂದು 30 ಅಡಿಯೊಳಗಿರಬೇಕು.

ವಿಝರ್ಡ್ ಮಾತ್ರ ಎಂದದ್ದಕ್ಕೆ ಕಾರಣ ಸಣ್ಣದು. ಬೇರೆ ಬಗೆಯ ಮಾಂತ್ರಿಕರಲ್ಲಿ ಸಾರ್ಸರರ್ ಕೈಗೆ ಸಿಕ್ಕರೆ ಜೋಡಿ ಮಾಡುವ ವಿದ್ಯೆಯಿಂದ ಒಂದೇ ಸ್ಲಾಟಿಗೆ ಇಬ್ಬರನ್ನು ಹಿಡಿಯುತ್ತಾರೆ, ವಾರ್ಲಾಕ್‌ಗೆ ಸಣ್ಣ ವಿಶ್ರಾಂತಿಯಲ್ಲೇ ಸ್ಲಾಟ್ ಮರಳುತ್ತದೆ. ಆ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು.

ಇದನ್ನು ನೇರವಾಗಿ ಆಕೆಯ ಮಂತ್ರಪುಸ್ತಕಕ್ಕೆ ಸೇರಿಸಬೇಡಿ. ಕೊಟ್ಟದ್ದನ್ನು ಹಿಂದೆ ಪಡೆಯುವುದು ಗೆಳೆತನಕ್ಕೆ ಒಳ್ಳೆಯದಲ್ಲ. ಮುಂದಿನ ಆಟದಲ್ಲಿ ಒಂದು ಹಳೆಯ ಪೆಟ್ಟಿಗೆಯಲ್ಲಿ ಈ ಮಂತ್ರದ ಎರಡು ಸುರುಳಿಗಳು ಸಿಗಲಿ. ಸುರುಳಿ ಒಂದು ಸಲ ಬಳಸಿದರೆ ಮುಗಿಯಿತು. ಮೊದಲನೆಯದನ್ನು ಆಕೆ ಕಾಳಗದಲ್ಲಿ ಹಾಕಿದಾಗ ನೀವು ಮೂರು ವಿಷಯ ಗಮನಿಸಿ: ಎಷ್ಟು ಸಲ ನಿಯಮ ಓದಲು ಆಟ ನಿಂತಿತು, ಉಳಿದವರ ಸರದಿಯಲ್ಲಿ ಅವರಿಗೆ ಕೆಲಸವಿತ್ತೆ, ಮೊಳೆ ಬಿದ್ದ ಮೇಲೆ ನಿಮಗೆ ಆ ಶತ್ರುವನ್ನು ಆಡಿಸುವುದು ಬೇಸರವಾಯಿತೆ. ಎಲ್ಲ ಸರಿ ಎನಿಸಿದರೆ ಎರಡನೆಯ ಸುರುಳಿಯನ್ನು ಆಕೆ ಪುಸ್ತಕಕ್ಕೆ ಇಳಿಸಿಕೊಳ್ಳಲಿ: ಎರಡನೇ ಹಂತಕ್ಕೆ ನಾಲ್ಕು ಗಂಟೆ, 100 ಚಿನ್ನದ ನಾಣ್ಯ, ಡಿಸಿ 12ರ ಆರ್ಕಾನಾ (ಮಂತ್ರವಿದ್ಯೆಯ) ಪರೀಕ್ಷೆ. ಪರೀಕ್ಷೆಯಲ್ಲಿ ಸೋತರೂ ಸುರುಳಿ ನಾಶವಾಗುತ್ತದೆ ಎಂಬುದು ಪುಸ್ತಕದ ನಿಯಮ. ಆ ಒಂದು ರಾತ್ರಿ ಆ ನಿಯಮವನ್ನು ಮರೆತರೆ ನಾನಂತೂ ಯಾರಿಗೂ ಹೇಳುವುದಿಲ್ಲ.

ಪುಸ್ತಕಕ್ಕೆ ಇಳಿಯುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿ ಇದೆ. ಶತ್ರುಪಾಳಯದ ಮಾಂತ್ರಿಕನೊಬ್ಬ ಇದೇ ಮೊಳೆಯನ್ನು ನಿಮ್ಮ ಗುಂಪಿನ ಫೈಟರ್ (ಯೋಧ) ಮೇಲೆ ಹೊಡೆಯಲಿ. ನಿಮ್ಮ ಹಳೆಯ ಚೀಟಿಯಾಗಿದ್ದರೆ ಆ ಆಟಗಾರ ನಾಲ್ಕು ಸುತ್ತು, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆ, ಮೊಬೈಲ್ ನೋಡುತ್ತಾ ಕೂರಬೇಕಿತ್ತು. ಹೊಸದರಲ್ಲಿ ಅವನು ಹಲ್ಲು ಕಚ್ಚಿ ಎಳೆಯುತ್ತಾನೆ, ಬೈಯುತ್ತಾನೆ, ದೀಪ ಆರಿಸಿ ಎಂದು ಗೆಳೆಯರಿಗೆ ಕೂಗುತ್ತಾನೆ. ಯಾರಾದರೂ ದೀಪ ಆರಿಸುತ್ತಾರೆ, ಆಮೇಲೆ ಕತ್ತಲಲ್ಲಿ ಯಾರಿಗೂ ಏನೂ ಕಾಣುವುದಿಲ್ಲ.

ಒಂದು ಪ್ರಶ್ನೆ ಉಳಿಯಿತು, ಅದು ಮೊದಲ ರಾತ್ರಿಯೇ ಬರುತ್ತದೆ. ಮಾನ್‌ಸ್ಟರ್ ಕೈಪಿಡಿಯಲ್ಲಿ ಶ್ಯಾಡೋ ಎಂಬ ಪ್ರೇತವಿದೆ, ಮೈಯೇ ನೆರಳು. ಅದಕ್ಕೆ ಮೊಳೆ ಹೊಡೆದರೆ? ಸ್ಟ್ರೆಂತ್ 6 ಇರುವ ಬಡಪಾಯಿ, ಸೇವ್ ಮಾಡಿದರೂ ನೂರಕ್ಕೆ 20 ಸಲ ಮಾತ್ರ ಪಾರಾದೀತು. ನಾನಾದರೆ ದಾಳವನ್ನೇ ಕೇಳುವುದಿಲ್ಲ. ಮೊಳೆ ಅದರ ಎದೆಗೇ ಇಳಿಯಿತು ಎನ್ನುತ್ತೇನೆ, ಆಮೇಲೆ ಅದು ಕಿರುಚುವ ಸದ್ದನ್ನು ನನಗೆ ಬಂದಷ್ಟು ಚೆನ್ನಾಗಿ ಮಾಡಿ ತೋರಿಸುತ್ತೇನೆ.